ಮಂದ್ರಕ್ಕೊಂದು ಪೆಟ್ಟಿಗೆ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಸೀಮೆಯಲ್ಲಿ ಉರುಮೆಯ ಸದ್ದು ಕೇಳಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ವಾದ್ಯದ ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ. ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಬಡಿದದ್ದು ಕಿವಿಗೆ ತಾಗುತ್ತದೆ, ಉಜ್ಜಿದ್ದು ಎದೆಗೆ. ಬಹಳ ವರ್ಷಗಳ ಹಿಂದೆ ಆ ಊರಿನ ನೆಂಟರ ಮನೆಯಲ್ಲಿ, ಜಾತ್ರೆಯೊಂದರಲ್ಲಿ ಮುದ್ರಿಸಿಕೊಂಡಿದ್ದ ಉರುಮೆಯ ಕ್ಯಾಸೆಟ್ಟನ್ನು ಟೂ-ಇನ್-ಒನ್‌ಗೆ ಹಾಕಿದೆವು. ಜಗುಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು, ತಾವೇ ಉರುಮೆ ಬಾರಿಸಿದವರು, ಸ್ವಲ್ಪ ಹೊತ್ತು ಕೇಳಿ, ‘ಇದಕ್ಕೆ ಒಂದು ಮೈ ಇಲ್ಲವಲ್ಲ’ ಎಂದರು. ಯಂತ್ರ ಕೆಟ್ಟಿದೆಯೆಂದು ನಾವು ಬ್ಯಾಟರಿ ಬದಲಾಯಿಸಿದೆವು! ಕೆಟ್ಟಿದ್ದು ಬ್ಯಾಟರಿಯಲ್ಲ. ಆ ಇನ್ನೊಂದು ಮೈ ಎಲ್ಲಿ ಹೋಯಿತೆಂಬುದಕ್ಕೆ ಒಂದು ಶತಮಾನದ ಕಥೆಯೇ ಇದೆ.

ಓದುಗರೇ, ಆಳವಾದ ದನಿಯನ್ನೂ ಮೇಲಿನ ದನಿಯನ್ನೂ ಬೇರೆ ಬೇರೆ ಮೈಗಳಿಗೆ ವಹಿಸಬೇಕೆಂಬುದು ನಮ್ಮ ವಾದ್ಯ ಮಾಡುವವರಿಗೆ ಎಂದೋ ಹೊಳೆದ ಸಂಗತಿ. ಮೃದಂಗದ ಬಲಮುಖಕ್ಕೆ ಕರಣೆ ಮೆತ್ತಿ ಶ್ರುತಿಗೆ ಸೇರಿಸುತ್ತಾರೆ. ಎಡಮುಖಕ್ಕೆ ಕಛೇರಿಯ ಹೊತ್ತಿಗೆ ರವೆ ಕಲಸಿ ಹಚ್ಚುತ್ತಾರೆ. ಆ ಭಾರದಿಂದ ಚರ್ಮ ನಿಧಾನವಾಗಿ ಕಂಪಿಸಿ ದನಿ ಕೆಳಗಿಳಿಯುತ್ತದೆ. ತಬಲಾದಲ್ಲಂತೂ ಎರಡೂ ಬೇರೆಯೇ: ಬಲಗೈಗೆ ಚಿಕ್ಕದು, ಎಡಗೈಗೆ ಡಗ್ಗಾ. ಸರ್ ಸಿ. ವಿ. ರಾಮನ್ ಈ ಚರ್ಮವಾದ್ಯಗಳ ಗುಟ್ಟನ್ನು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಅದನ್ನೇ ವಿಸ್ತರಿಸಿ ಪ್ರಕಟಿಸಿದರು. ಸಾಮಾನ್ಯ ಚರ್ಮವಾದ್ಯದಲ್ಲಿ ಹೊಂದಿಕೆಯಿಲ್ಲದೆ ಹೊರಡುವ ಉಪಸ್ವರಗಳು ಕರಣೆಯ ಭಾರದಿಂದ ತಂತಿವಾದ್ಯದಂತೆ ಸ್ವರಬದ್ಧವಾಗುತ್ತವೆ ಎಂಬುದು ಅವರ ಶೋಧ.

ದನಿಯನ್ನು ಹಿಡಿದಿಡುವ ಯಂತ್ರ ನಮ್ಮಲ್ಲಿಗೆ ಬಂದಾಗ ಅದಕ್ಕೆ ಈ ವಿವೇಕವಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಗಡಿನ ಕೊಳವೆಯೊಳಗೆ ಮುಖವಿಟ್ಟು ಹಾಡಿದ ಕಾಲದಲ್ಲಿ ಕೆಳಗಿನ ದನಿಗಳು ಮೇಣದ ತಟ್ಟೆಯನ್ನು ತಲುಪುತ್ತಲೇ ಇರಲಿಲ್ಲ. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂತು. ಅದೇ ವರ್ಷ ಅಮೆರಿಕದ ರೈಸ್ ಮತ್ತು ಕೆಲ್ಲಾಗ್, ಸುರುಳಿಯೊಂದು ಕಾಗದದ ಶಂಕುವನ್ನು ತಳ್ಳುವ ಸ್ಪೀಕರನ್ನು ವಿವರಿಸಿದರು. ಇಂದಿಗೂ ನಮ್ಮ ಮನೆಗಳಲ್ಲಿರುವುದು ಬಹುಮಟ್ಟಿಗೆ ಅದೇ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ‘ಆಕಾಶವಾಣಿ’ ಆರಂಭಿಸಿದಾಗ ಕನ್ನಡಿಗರ ಕಿವಿಗೆ ದೂರದ ಸಂಗೀತ ಹತ್ತಿರವಾಯಿತು. 1965ರಲ್ಲಿ ಭದ್ರಾವತಿ ಕೇಂದ್ರ ಬಂದ ಮೇಲೆ ನಮ್ಮ ಬಯಲುಸೀಮೆಯ ಹಳ್ಳಿಗಳಿಗೆ ಇನ್ನೂ ಹತ್ತಿರ. ಆದರೆ ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ ಡಗ್ಗಾ ‘ಟಕ್’ ಎನ್ನುತ್ತಿತ್ತೇ ಹೊರತು ‘ಘುಂ’ ಎನ್ನುತ್ತಿರಲಿಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಂಥ ಕಡೆ ಕಂಬಕ್ಕೆ ಕಟ್ಟುತ್ತಿದ್ದ ಕಹಳೆಯಾಕಾರದ ಧ್ವನಿವರ್ಧಕವಂತೂ ಕೆಳಗಿನ ದನಿಯನ್ನು ಕಡಿದೇ ಹಾಕುತ್ತಿತ್ತು. ಅದರ ತಪ್ಪೆನ್ನಲಾಗದು, ಅದು ಕಟ್ಟಿದ್ದು ಮಾತು ದೂರ ಹೋಗಲೆಂದು.

ಕೆಳದನಿ ಯಾಕೆ ಇಷ್ಟು ದುಬಾರಿ? 40 ಹರ್ಟ್ಸಿನ, ಎಂದರೆ ಸೆಕೆಂಡಿಗೆ 40 ಸಲ ಕಂಪಿಸುವ ದನಿಯ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಒಂದು ಸ್ಥಾಯಿ ಕೆಳಗಿಳಿದು ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಸ್ಪೀಕರಿನ ಶಂಕು ನಾಲ್ಕು ಪಟ್ಟು ಹೆಚ್ಚು ಗಾಳಿಯನ್ನು ತಳ್ಳಬೇಕು. ಐದಂಗುಲದ ಶಂಕುವಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕದವರು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡು ಪೆಟ್ಟಿಗೆಯನ್ನು ಸಾಕಷ್ಟು ಕುಗ್ಗಿಸಿದರು. ಆದರೂ ಚಿಕ್ಕ ಪೆಟ್ಟಿಗೆ, ಆಳವಾದ ದನಿ, ಕಡಿಮೆ ವಿದ್ಯುತ್ತಿಗೇ ಜೋರು, ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದು. 1970ರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್‌3/5ಎ ಎಂಬ ಸ್ಪೀಕರ್ ಸುಮಾರು ಒಂದಡಿ ಎತ್ತರದ್ದು. ಮನುಷ್ಯರ ದನಿ ಅದರಲ್ಲಿ ಎದುರಿಗೇ ನಿಂತಂತೆ ಕೇಳಿಸಿತು. ಪುಸ್ತಕದ ಕಪಾಟಿನಲ್ಲಿಡುವ ಪುಟ್ಟ ಸ್ಪೀಕರುಗಳಿಗೆ ಗೌರವ ತಂದದ್ದು ಅದು. ಮಂದ್ರವನ್ನು ಮಾತ್ರ ಅದೂ ಬಿಟ್ಟುಕೊಟ್ಟಿತ್ತು.

ಬಿಟ್ಟುಕೊಟ್ಟದ್ದನ್ನು ಹೊರಲು ಬಂದದ್ದೇ ಸಬ್‌ವೂಫರ್. ಅದು ಹೆಸರು ಮಾಡಿದ್ದು ಸಂಗೀತಕ್ಕಿಂತ ಹೆಚ್ಚಾಗಿ ಸದ್ದಿನಿಂದ. 1974ರ ‘ಅರ್ತ್‌ಕ್ವೇಕ್’ ಚಿತ್ರಕ್ಕಾಗಿ ಚಿತ್ರಮಂದಿರಗಳಲ್ಲಿ ದೈತ್ಯ ಸ್ಪೀಕರುಗಳನ್ನಿಟ್ಟು ಪ್ರೇಕ್ಷಕರ ಕುರ್ಚಿಗಳನ್ನು ನಡುಗಿಸಿದರು. ಆ ಅಪಕೀರ್ತಿ ಇಂದಿಗೂ ಅಂಟಿಕೊಂಡಿದೆ. ಗಣೇಶನ ಮೆರವಣಿಗೆಯ ಡಿಜೆಗಳಲ್ಲಿ ಕಿಟಕಿಯ ಗಾಜು ಅದುರುವುದನ್ನು ಕಂಡವರು, ಈ ಪೆಟ್ಟಿಗೆ ಮರ್ಯಾದಸ್ಥರ ಮನೆಗಲ್ಲ ಎಂದುಕೊಂಡರೆ ಆಶ್ಚರ್ಯವಿಲ್ಲ. ನಮ್ಮ ಪೇಟೆಗಳಿಗೆ ಕಂಪ್ಯೂಟರಿನ ಜೊತೆ ಬಂದ ಅಗ್ಗದ ಮೂರು ಪೆಟ್ಟಿಗೆಗಳ ಸೆಟ್ಟುಗಳು ಇನ್ನೊಂದು ಬಗೆಯ ಅನ್ಯಾಯ ಮಾಡಿದವು. ಅವುಗಳ ಪಕ್ಕದ ಸ್ಪೀಕರುಗಳು ಬೆಂಕಿಪೊಟ್ಟಣದಷ್ಟೇ ಬಡವು. ಹಾಗಾಗಿ ಗಾಯಕನ ಅರ್ಧ ದನಿಯನ್ನೂ ಸಬ್‌ವೂಫರೇ ಹೊರಬೇಕಾಗಿ, ಪಲ್ಲವಿ ಮೇಜಿನ ಮೇಲಿಂದಲೂ ಅದರ ಕಾರ್ಪಣ್ಯ ಮೇಜಿನ ಕೆಳಗಿನಿಂದಲೂ ಕೇಳಿಬರುತ್ತಿತ್ತು!

ಜೋಡಿ ಸರಿಯಾಗಬೇಕಾದರೆ ಗಡಿ ಎಲ್ಲಿ ಹಾಕಬೇಕೆಂಬುದು ಮುಖ್ಯ. ಸುಮಾರು 80 ಹರ್ಟ್ಸಿಗಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬಂತೆಂದು ನಮ್ಮ ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದ್ದರಿಂದ ಆ ಭಾಗವನ್ನು ಒಂದೇ ಪೆಟ್ಟಿಗೆಗೆ ಕೊಟ್ಟರೂ ಮೋಸ ಗೊತ್ತಾಗದು. ಗಂಡುದನಿಯ ಮೂಲ ಕಂಪನ ಬಹುಪಾಲು ಅದಕ್ಕಿಂತ ಮೇಲೆಯೇ ಇರುವುದರಿಂದ ಗಾಯಕ ಪುಟ್ಟ ಸ್ಪೀಕರುಗಳಲ್ಲೇ ಉಳಿಯುತ್ತಾನೆ. ಗಂಡಸರ ತಂಬೂರಿಯ ಖರ್ಜ ತಂತಿ ಮಾತ್ರ 70 ಹರ್ಟ್ಸಿನ ಆಸುಪಾಸಿನಲ್ಲಿ ಮಿಡಿಯುತ್ತದೆ. ಪುಟ್ಟ ಸ್ಪೀಕರಿನಲ್ಲೂ ಅದು ಕೇಳಿಸುತ್ತದಲ್ಲ ಎನ್ನುವಿರಿ. ಹೌದು, ಉಪಸ್ವರಗಳನ್ನು ಕೇಳಿಯೇ ನಮ್ಮ ಮಿದುಳು ಇಲ್ಲದ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಸ್ವರ ತಿಳಿಯುತ್ತದೆ, ಅದರ ತೂಕ ಬರುವುದಿಲ್ಲ.

ಇನ್ನು ಕೋಣೆ. ನಮ್ಮ ಕಡೆಯ ಕಲ್ಲುಗೋಡೆ, ಚಪ್ಪಡಿ ನೆಲದ ಮನೆಗಳು ಕೆಳದನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ಹದಿನಾಲ್ಕು ಅಡಿ ಉದ್ದದ ಕೋಣೆಯಲ್ಲಿ 40 ಹರ್ಟ್ಸಿನ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು, ಗೋಡೆಯ ಬಳಿ ಗುಡುಗಾಗಿ ನಡುವೆ ಮಾಯವಾಗುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಹಾಳಾಗುತ್ತದೆ. ಇದಕ್ಕೊಂದು ಉಪಾಯವಿದೆ, ನೆಂಟರು ಮನೆಯಲ್ಲಿಲ್ಲದಾಗ ಮಾಡಿ: ನೀವು ಕೂತು ಕೇಳುವ ಜಾಗದಲ್ಲಿ ಸಬ್‌ವೂಫರನ್ನಿಟ್ಟು, ಮೃದಂಗದ ತನಿಯೊಂದನ್ನು ಹಾಕಿ, ಗೋಡೆಯ ಸುತ್ತ ಮಂಡಿಯೂರಿ ತೆವಳುತ್ತ ಕೇಳಿ. ಎಡಮುಖದ ಪೆಟ್ಟುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಎಲ್ಲಿ ಕೇಳಿಸುತ್ತವೋ, ಪೆಟ್ಟಿಗೆಗೆ ಅದೇ ಜಾಗ. ಹಿಂದೆ ಫೇಸ್ ಎಂಬ ಗುಂಡಿಯಿದ್ದರೆ ಎರಡೂ ಕಡೆ ತಿರುಗಿಸಿ, ತುಂಬಿಕೊಂಡು ಕೇಳಿಸುವ ಕಡೆ ಬಿಡಿ. ಮಟ್ಟವನ್ನು ಮಾತ್ರ ಕಂಜೂಸಿನಿಂದ ಏರಿಸಿ. ಪೆಟ್ಟಿಗೆ ಇದೆಯೆಂದು ತಿಳಿಯಬಾರದು. ಆರಿಸಿದಾಗ ಏನೋ ಹೋಯಿತೆನ್ನಿಸಬೇಕು.

ಅದೇ ಉರುಮೆಯ ಕ್ಯಾಸೆಟ್ಟನ್ನು ಇತ್ತೀಚೆಗೆ ಇಂಥದೊಂದು ಜೋಡಿಯಲ್ಲಿ ಹಾಕಿ ಕೇಳಿದೆ. ಉಜ್ಜಿದ ಮುಖದ ಮೊರೆತ ಟೇಪಿನಲ್ಲಿಯೇ ಇತ್ತು. ಇಷ್ಟು ಕಾಲ ಅದಕ್ಕೆ ಹೊರಬರಲು ದಾರಿಯಿರಲಿಲ್ಲ, ಅಷ್ಟೆ. ಪೂರ್ತಿ ಬಂತೆಂದು ಹೇಳಲಾರೆ. ಅದರ ಜೊತೆ ಜಾತ್ರೆಯ ಗಾಳಿ ಮೈಕಿಗೆ ಬಡಿದ ಗುದ್ದು, ಯಾರೋ ಯಂತ್ರವಿಟ್ಟ ಹಲಗೆಯನ್ನು ಎಡವಿದ ಸದ್ದು, ಎಲ್ಲವೂ ಬಂದವು. ನೆಲವಿನ ಮೇಲಿದ್ದ ಸ್ಟೀಲ್ ಲೋಟಗಳು ಗಿಣಿಗಿಣಿ ಎಂದವು. ಅವನ್ನು ಇಳಿಸಿಟ್ಟು, ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಮೊದಲಿನಿಂದ ಕೇಳಿದೆವು.