‘ಈಗ ಬಳಸುತ್ತಿದ್ದೀರಾ?’: ಬಾಗಲಕೋಟೆ ಜಿಲ್ಲೆಯಲ್ಲಿ ತುರ್ತು ಗರ್ಭನಿರೋಧಕ ಗುಳಿಗೆಯ ಬಳಕೆಯನ್ನು ಅಳೆಯುವ ಪ್ರಶ್ನೆ

ತುರ್ತು ಗರ್ಭನಿರೋಧಕ ಗುಳಿಗೆ ದಿನವೂ ನುಂಗುವ ಔಷಧವಲ್ಲ. ರಕ್ಷಣೆಯಿಲ್ಲದ ಸಂಭೋಗವಾದ ಮೂರು ದಿನಗಳೊಳಗೆ, ತಡವಾದರೂ ಐದು ದಿನಗಳೊಳಗೆ, 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಒಮ್ಮೆ ನುಂಗಿದರೆ ಮುಗಿಯಿತು. ಅದರ ಬಳಕೆಯನ್ನು ಅಳೆಯಬೇಕಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದು ಮಾತ್ರ ‘ಗರ್ಭ ತಡೆಯಲು ಈಗ ಏನನ್ನಾದರೂ ಬಳಸುತ್ತಿದ್ದೀರಾ?’ ಎಂದು. ಎರಡು ತಿಂಗಳ ಹಿಂದೆ ಒಂದು ಗುಳಿಗೆ ನುಂಗಿದವಳು ಇದಕ್ಕೆ ‘ಇಲ್ಲ’ ಎಂದರೆ ಅದು ಸುಳ್ಳೇನಲ್ಲ. ದೇಶದ ವಿವಾಹಿತ ಮಹಿಳೆಯರಲ್ಲಿ ಈ ಗುಳಿಗೆಯ ‘ಪ್ರಸ್ತುತ ಬಳಕೆ’ ಶೇ. 1ನ್ನೂ ಮುಟ್ಟದಿರುವುದಕ್ಕೆ ಈ ಕ್ರಿಯಾಪದದ ಕಾಲವೇ ದೊಡ್ಡ ಕಾರಣ ಎಂಬುದು ನನ್ನ ವಾದ.

ಗುಳಿಗೆಯೇನೂ ಅಪರೂಪದ್ದಲ್ಲ. 2005ರಿಂದ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದೆ. 2007ರಲ್ಲಿ ಐ-ಪಿಲ್ ಎಂಬ ಬ್ರ್ಯಾಂಡ್ ಬಂದ ಮೇಲೆ ಜಾಹೀರಾತಿನ ಬಲದಿಂದ ಸಣ್ಣ ಊರುಗಳ ಮೆಡಿಕಲ್ ಅಂಗಡಿಗಳಿಗೂ ಇಳಿಯಿತು. 2011ರ ಮನೆಬಾಗಿಲ ವಿತರಣಾ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಇದನ್ನು 2 ರೂಪಾಯಿಗೆ ಕೊಡುವ ಏರ್ಪಾಡಾಯಿತು.

ಎಣಿಕೆಯ ನಿಯಮವೂ ಬಳಕೆಯನ್ನು ಮರೆಮಾಡುತ್ತದೆ. ಮಹಿಳೆ ಎರಡು ವಿಧಾನ ಹೇಳಿದರೆ ಕೋಷ್ಟಕದಲ್ಲಿ ಪಟ್ಟಿಯ ಮೇಲಿನದು ಮಾತ್ರ ಉಳಿಯುತ್ತದೆ. ಪಟ್ಟಿಯಲ್ಲಿ ಕಾಂಡೋಮ್ ಮೇಲೆ, ತುರ್ತು ಗುಳಿಗೆ ಕೆಳಗೆ. ಕಾಂಡೋಮ್ ಹರಿದಾಗ ಗುಳಿಗೆಯ ಮೊರೆ ಹೋಗುವ ದಂಪತಿ ಕಾಂಡೋಮ್ ಲೆಕ್ಕಕ್ಕೆ ಸೇರುತ್ತಾರೆ. ಆದರೆ ಈ ಗುಳಿಗೆ ಇರುವುದೇ ಅಂಥ ಸಂದರ್ಭಕ್ಕೆ. ಸಂತಾನಶಕ್ತಿಹರಣವೂ ಹಾಗೆಯೇ ಹಿಂದಿನ ಬಳಕೆಯನ್ನು ಮರೆಮಾಡುತ್ತದೆ. ಸಮೀಕ್ಷೆಯ 2019–21ರ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 57.4ರಷ್ಟು ಮಂದಿಗೆ ಸಂತಾನಶಕ್ತಿಹರಣ ಚಿಕಿತ್ಸೆಯಾಗಿದೆ. ‘ಆಪರೇಷನ್ ಆಗೇತ್ರಿ’ ಎಂಬ ಉತ್ತರ ಬಂದೊಡನೆ ಕುಟುಂಬ ಯೋಜನೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲ ಮತ್ತು ಎರಡನೇ ಹೆರಿಗೆಯ ನಡುವಿನ ವರ್ಷಗಳಲ್ಲಿ ಆಕೆ ಏನು ಮಾಡಿದಳೆಂಬುದಕ್ಕೆ ಕೊನೆಯ ಐದು ವರ್ಷಗಳ ತಿಂಗಳವಾರು ದಾಖಲೆ ಮಾತ್ರ ಆಧಾರ. ಅದರಲ್ಲೂ ಒಂದು ತಿಂಗಳಿಗೆ ಒಂದೇ ಸಂಕೇತ.

ಬಾಗಲಕೋಟೆ ಜಿಲ್ಲೆಯಲ್ಲಿ ‘ಈಗ’ ಎಂಬುದಕ್ಕೆ ಇನ್ನೂ ಒಂದು ತೊಡಕಿದೆ. ಬಾದಾಮಿ, ಹುನಗುಂದ ತಾಲ್ಲೂಕುಗಳ ಒಣಬೇಸಾಯದ ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವವರು ಹಲವರು. ಗಂಡ ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ. ಹಬ್ಬಕ್ಕೋ ಬನಶಂಕರಿ ಜಾತ್ರೆಗೋ ಬಂದು ನಾಲ್ಕು ದಿನವಿದ್ದು ಹೋಗುತ್ತಾನೆ. ಇಂಥ ದಾಂಪತ್ಯದಲ್ಲಿ ದಿನದ ಗುಳಿಗೆಗಿಂತ ಆಗಿಂದಾಗಿನ ಉಪಾಯವೇ ಒಗ್ಗೀತು. ಕರ್ನಾಟಕದ ಐದನೇ ಸುತ್ತಿನ ಕ್ಷೇತ್ರಕಾರ್ಯ ನಡೆದದ್ದು 2019ರ ದ್ವಿತೀಯಾರ್ಧದಲ್ಲಿ, ಬನಶಂಕರಿ ಜಾತ್ರೆ ನಡೆಯುವುದು ಪುಷ್ಯದ ಹುಣ್ಣಿಮೆಯ ಆಸುಪಾಸಿನಲ್ಲಿ. ಜಾತ್ರೆಗೆ ಬರುವ ಗಂಡ ಸಂದರ್ಶನದ ಹೊತ್ತಿಗೆ ಊರಲ್ಲಿಲ್ಲದಿದ್ದರೆ ‘ಈಗ’ ಎಂಬ ಪ್ರಶ್ನೆಗೆ ಉತ್ತರ ‘ಇಲ್ಲ’ವೇ. ಹೆಂಡತಿಯೂ ದುಡಿಯಲು ಹೋಗಿದ್ದರೆ ಆಕೆ ಊರಿನ ಮಾದರಿಗೇ ಸಿಗುವುದಿಲ್ಲ. ಹಿಂದಿನ ರಾತ್ರಿ ಆ ಮನೆಯಲ್ಲಿ ತಂಗಿದ್ದವರನ್ನಷ್ಟೇ ಸಂದರ್ಶಿಸಬೇಕೆಂಬುದು ನಿಯಮ. ಮಾದರಿಯ ಚೌಕಟ್ಟೋ 2011ರ ಜನಗಣತಿಯದು. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯೂರಿನಿಂದ ನವನಗರಕ್ಕೆ ಮನೆಗಳು ಸ್ಥಳಾಂತರವಾಗುತ್ತಲೇ ಬಂದ ಬಾಗಲಕೋಟೆಯಂಥ ಪಟ್ಟಣದಲ್ಲಿ ಎಂಟು ವರ್ಷ ಹಳೆಯ ಚೌಕಟ್ಟನ್ನು ನಂಬುವಾಗ ತುಸು ಎಚ್ಚರ ಬೇಕು.

ಪ್ರಶ್ನೆ ತಿದ್ದಿದರೂ ಸಂಖ್ಯೆಯ ಮಿತಿ ಹೋಗದು. ಆ ಸುತ್ತಿನಲ್ಲಿ ರಾಜ್ಯದ 26,574 ಮನೆಗಳ 30,455 ಮಹಿಳೆಯರನ್ನು ಮಾತಾಡಿಸಲಾಯಿತು. 30 ಜಿಲ್ಲೆಗಳಿಗೆ ಹಂಚಿದರೆ ಸರಾಸರಿ 1,015. ವರ್ಷದಲ್ಲಿ ಒಮ್ಮೆಯಾದರೂ ಈ ಗುಳಿಗೆ ನುಂಗಿದವರು ಶೇ. 2 ಎಂದು ಊಹಿಸೋಣ. ಜಿಲ್ಲೆಯ ಮಾದರಿಯಲ್ಲಿ ಸಿಗುವವರು ಸುಮಾರು 20 ಮಂದಿ. ಮನೆಗಳನ್ನು ಗುಂಪುಗುಂಪಾಗಿ ಆಯುವ ಗುಚ್ಛಮಾದರಿಯ ಪರಿಣಾಮವನ್ನು ಒಂದೂವರೆ ಪಟ್ಟು ಎಂದು ಹಿಡಿದರೆ ಅಂದಾಜು ಶೇ. 1ರಿಂದ 3ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹಳೆಯ ಆರು ತಾಲ್ಲೂಕುಗಳಿಗೆ ಸಮನಾಗಿ ಹಂಚಿದರೆ, ಇಳಕಲ್ ಒಳಗೊಂಡಿದ್ದ ಹುನಗುಂದಕ್ಕೆ ಬರುವವರು ಮೂರೋ ನಾಲ್ಕೋ. ಇಷ್ಟರ ಮೇಲೆ ತಾಲ್ಲೂಕುವಾರು ಕೋಷ್ಟಕ ಕಟ್ಟುವುದು ಅಂಕಿಗಳ ಆಟವಾದೀತೇ ಹೊರತು ಸಂಶೋಧನೆಯಾಗದು.

ಇನ್ನು ಗುರುತಿನ ಸಮಸ್ಯೆ. ಗಂಡ ಪೇಟೆಯಿಂದ ತಂದುಕೊಟ್ಟ ಗುಳಿಗೆಯ ಕವಚ ಅಂದೇ ಕಸಕ್ಕೆ ಹೋಗಿರುತ್ತದೆ. ದಿನವೂ ನುಂಗುವ ಮಾಲಾ, ಕೆಲ ತಿಂಗಳ ನಂತರ ವಾರಕ್ಕೊಂದು ನುಂಗುವ ಛಾಯಾ, ಗರ್ಭಪಾತದ ಕಿಟ್, ಪೂಜೆಗೋ ಜಾತ್ರೆಗೋ ಮುಟ್ಟು ಮುಂದೂಡಲು ನುಂಗುವ ನಾರೆಥಿಸ್ಟೆರಾನ್ ಎಲ್ಲವೂ ಆಕೆಯ ಮಾತಿನಲ್ಲಿ ‘ಗುಳಿಗೆ’ಯೇ. ‘ಮುಟ್ಟು ಬರಲೆಂದು ತಗೊಂಡೆ’ ಎಂಬ ಉತ್ತರ ತುರ್ತು ಗುಳಿಗೆಯದೂ ಆಗಿರಬಹುದು, ಗರ್ಭಪಾತದ ಕಿಟ್ಟಿನದೂ ಆಗಿರಬಹುದು. ಆದ್ದರಿಂದ ಸಂದರ್ಶಕಿಯ ಚೀಲದಲ್ಲಿ ಖಾಲಿ ಕವಚಗಳಿರಬೇಕು. ಎಷ್ಟು ಗುಳಿಗೆ, ಸಂಭೋಗವಾಗಿ ಎಷ್ಟು ದಿನಕ್ಕೆ, ಆಗ ಮುಟ್ಟು ತಪ್ಪಿತ್ತೋ ಇಲ್ಲವೋ ಎಂಬ ಮೂರು ಉಪಪ್ರಶ್ನೆಗಳೂ ಬೇಕು. ಮುಟ್ಟು ತಪ್ಪಿದ ಮೇಲೆ ನುಂಗಿದ್ದನ್ನು ಈ ಲೆಕ್ಕಕ್ಕೆ ಹಿಡಿಯಲಾಗದು.

ಮುಖ್ಯ ಪ್ರಶ್ನೆ ‘ಕಳೆದ 12 ತಿಂಗಳಲ್ಲಿ ಎಷ್ಟು ಸಲ?’ ಎಂದಿರಲಿ. ರಾಜಸ್ಥಾನದಲ್ಲಿ ನಡೆದ ಪಿಎಂಎ ಎಂಬ ಕುಟುಂಬ ಯೋಜನೆ ಸಮೀಕ್ಷೆಗಳಲ್ಲಿ 12 ತಿಂಗಳ ಅವಧಿಯ ಪ್ರಶ್ನೆಯಿದೆ. ನಮ್ಮಲ್ಲಾದರೆ ‘ಹೋದ ಬನಶಂಕರಿ ಜಾತ್ರೆಯಿಂದ ಈಚೆಗೆ’ ಎಂದರೆ ನೆನಪಿಗೆ ಹಿಡಿತ ಸಿಗುತ್ತದೆ.

ಆದರೆ ಇಳಕಲ್ಲಿನ ನೇಕಾರರ ಮನೆಯಲ್ಲಿ ಈ ಪ್ರಶ್ನೆಯನ್ನು ಎಲ್ಲಿ ಕುಳಿತು ಕೇಳುವುದು? ನಡುಮನೆಯಲ್ಲಿ ಮಗ್ಗ, ಪಕ್ಕದಲ್ಲಿ ನೂಲು ಸುತ್ತುತ್ತಿರುವ ಅತ್ತೆ, ಬಾಗಿಲಲ್ಲಿ ನೆಗೆಣ್ಣಿ. ಅವಿವಾಹಿತೆಯಂತೂ ಅಲ್ಲಿ ಬಾಯಿ ಬಿಡಲಾರಳು. ಕರ್ನಾಟಕದ ಎಚ್‌ಐವಿ ಕಾರ್ಯಕ್ರಮಗಳಲ್ಲಿ ಬಳಸಿದ ಮತಗಟ್ಟೆ ಮಾದರಿಯ ಸಮೀಕ್ಷೆ ಇಲ್ಲಿ ನೆರವಾಗಬಹುದು: ಗುಂಪಿನಲ್ಲಿ ಪ್ರಶ್ನೆ ಓದುತ್ತಾರೆ, ಪ್ರತಿಯೊಬ್ಬರೂ ಮರೆಯಲ್ಲಿ ಕುಳಿತು ಹೌದು–ಇಲ್ಲ ಚೀಟಿ ಹಾಕುತ್ತಾರೆ, ಹೆಸರಿಲ್ಲ. ಇದರಿಂದ ಗುಂಪಿನ ಪ್ರಮಾಣ ಸಿಗುತ್ತದೆ. ಯಾರ ವಯಸ್ಸೆಷ್ಟು, ಮಕ್ಕಳೆಷ್ಟು ಎಂಬುದರೊಡನೆ ಉತ್ತರವನ್ನು ಜೋಡಿಸಲಾಗದು. ನಾನಾದರೆ ಆ ನಷ್ಟವನ್ನು ಒಪ್ಪಿಕೊಳ್ಳುತ್ತೇನೆ.

ಮಾರಾಟದ ಲೆಕ್ಕವನ್ನೂ ಜೊತೆಗಿಡಬೇಕು. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವೆಂದು ಅಂದಾಜಿಸಿದ ಅಧ್ಯಯನ, ಅದರಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆಗಳಿಂದ ನಡೆದವೆಂದು ಕಂಡುಕೊಂಡದ್ದು ಔಷಧ ಮಾರಾಟದ ಲೆಕ್ಕದಿಂದಲೇ. ತುರ್ತು ಗುಳಿಗೆಗೂ ಇದೇ ಹಾದಿ ಹಿಡಿಯಬಹುದು. ಆದರೆ ಜಿಲ್ಲೆಗಿಂತ ಕೆಳಗಿಳಿಯುವಂತಿಲ್ಲ. ಇಳಕಲ್ಲಿನ ಅಂಗಡಿಗೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯವರೂ ಬಂದಾರು. ಬಾದಾಮಿಯವರು ಗುರುತಿನವರ ಕಣ್ಣು ತಪ್ಪಿಸಿ ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ಕೊಂಡಾರು. ಒಬ್ಬಳೇ ಆರು ಸಲ ಕೊಂಡದ್ದೂ ಆರು ಮಂದಿ ಒಮ್ಮೊಮ್ಮೆ ಕೊಂಡದ್ದೂ ಅಂಗಡಿಯ ಪುಸ್ತಕದಲ್ಲಿ ಒಂದೇ. ಆ ವ್ಯತ್ಯಾಸ ತಿಳಿಯಲು ‘ಎಷ್ಟು ಸಲ’ ಎಂಬ ಪ್ರಶ್ನೆಯನ್ನು ಮಹಿಳೆಯನ್ನೇ ಕೇಳಬೇಕು.