ತೋಳ ಯಾರ ಸರದಿಯಲ್ಲಿ ಕಚ್ಚಬೇಕು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದವರಿಗೆ ರೇಂಜರ್ ಗೊತ್ತೇ ಇರ್ತಾನೆ. ಆಡದವರಿಗೆ ಎರಡೇ ಮಾತು: ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕತೆ ಕಟ್ಟೋ ಆಟ ಇದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ರೇಂಜರ್ ಅಂದ್ರೆ ಕಾಡು ಬಲ್ಲ ಯೋಧ. ಅವನ ಪಕ್ಕದಲ್ಲಿ ತೋಳವೋ ಕರಡಿಯೋ ಇರಲೇಬೇಕು ಅಂತ ಇವತ್ತು ಎಲ್ಲರೂ ಅಂದುಕೊಳ್ತಾರೆ. ತಮಾಷೆ ಅಂದ್ರೆ, ಶುರುವಿನಲ್ಲಿ ಆ ತೋಳವೇ ಇರಲಿಲ್ಲ!

ರೇಂಜರ್ ಮೊದಲು ಕಾಣಿಸಿಕೊಂಡಿದ್ದು 1975ರಲ್ಲಿ, 'ದಿ ಸ್ಟ್ರಾಟೆಜಿಕ್ ರಿವ್ಯೂ' ಪತ್ರಿಕೆಯಲ್ಲಿ. ಬರೆದವರು ಜೋ ಫಿಶರ್. ಟಾಲ್ಕಿನ್‌ನ ಅರಗಾರ್ನ್‌ನ ನೆರಳು ಅದರಲ್ಲಿ ಎದ್ದು ಕಾಣುತ್ತೆ. ಅರಗಾರ್ನ್ ಹಿಂದೆ ಯಾವ ತೋಳವೂ ಓಡಾಡ್ತಿರಲಿಲ್ಲವಲ್ಲ. 1978ರ ಪುಸ್ತಕದಲ್ಲಿ ಹತ್ತನೇ ಲೆವೆಲ್ ಮುಟ್ಟಿದ ರೇಂಜರ್‌ಗೆ ಒಂದಷ್ಟು ಅನುಯಾಯಿಗಳು ಸಿಗ್ತಿದ್ದರು. ಅದರಲ್ಲಿ ಪ್ರಾಣಿಗಳೂ ಇರಬಹುದಿತ್ತು, ಅಷ್ಟೇ.

1988ರಲ್ಲಿ ಆರ್. ಎ. ಸಾಲ್ವಟೋರ್ ಅವರ 'ದಿ ಕ್ರಿಸ್ಟಲ್ ಶಾರ್ಡ್' ಕಾದಂಬರಿ ಬಂತು. ಅದರ ರೇಂಜರ್ ಡ್ರಿಜ್ಟ್ ಜೊತೆಗೊಂದು ಕರಿಚಿರತೆ, ಹೆಸರು ಗ್ವೆನ್‌ಹ್ವಿವಾರ್. ಪುಟ್ಟ ಕಲ್ಲಿನ ಬೊಂಬೆಯಿಂದ ಕರೆದಾಗ ಬರುತ್ತೆ, ಗಾಯವಾದರೆ ತನ್ನ ಲೋಕಕ್ಕೆ ವಾಪಸ್ ಹೋಗುತ್ತೆ. ಲೆಕ್ಕಕ್ಕೆ ಅದೊಂದು ಮಾಯಾವಸ್ತು. ಆದರೆ ಓದುಗರ ಮನಸ್ಸಲ್ಲಿ ಆ ಜೋಡಿ ಕೂತುಬಿಟ್ಟಿತು.

2003ರ 3.5 ಆವೃತ್ತಿಯಲ್ಲಿ ಪ್ರಾಣಿ ಸಂಗಾತಿ ರೇಂಜರ್‌ನ ಹಕ್ಕಾಯಿತು, ನಾಲ್ಕನೇ ಲೆವೆಲ್‌ನಿಂದ. ಆದರೆ ಅರ್ಧ ಹಕ್ಕು! ಹತ್ತನೇ ಲೆವೆಲ್ ರೇಂಜರ್‌ನ ತೋಳಕ್ಕೆ ಐದನೇ ಲೆವೆಲ್ ಡ್ರೂಯಿಡ್‌ನ ತೋಳದಷ್ಟೇ ಬಲ. ದೊಡ್ಡ ರಾಕ್ಷಸನ ಎದುರು ಅದರ ಗತಿ ಏನು, ನೀವೇ ಊಹಿಸಿ. 2008ರ ನಾಲ್ಕನೇ ಆವೃತ್ತಿ ಮೊದಲ ಪುಸ್ತಕದಲ್ಲಿ ಪ್ರಾಣಿಯನ್ನೇ ಕೈಬಿಟ್ಟು, ಅದೇ ವರ್ಷ 'ಮಾರ್ಷಿಯಲ್ ಪವರ್' ಪುಸ್ತಕದಲ್ಲಿ ವಾಪಸ್ ತಂದಿತು.

ನಿಜವಾದ ಜಗಳ ಶುರುವಾಗಿದ್ದು 2014ರಲ್ಲಿ, ಐದನೇ ಆವೃತ್ತಿಯ ಬೀಸ್ಟ್ ಮಾಸ್ಟರ್ ಬಂದಾಗ. ತೋಳ ಕಚ್ಚಬೇಕಾದರೆ ರೇಂಜರ್ ತನ್ನ ಸರದಿಯ ಕೆಲಸ ಬಿಟ್ಟು ಅದಕ್ಕೆ ಆಜ್ಞೆ ಕೊಡಬೇಕು. ಕೊಡದಿದ್ದರೆ ಯಜಮಾನ ಸಾಯ್ತಾ ಇದ್ದರೂ ತೋಳ ಸುಮ್ಮನೆ ನಿಂತಿರುತ್ತೆ! ನಿಯಮ ಬರೆದವರ ಕಷ್ಟವೂ ಅರ್ಥವಾಗುತ್ತೆ. ಒಬ್ಬನಿಗೇ ಎರಡು ಸರದಿ ಕೊಟ್ಟರೆ ಉಳಿದವರು ಕಾಯುತ್ತಾ ಕೂರಬೇಕು. ಆದರೆ ಮೇಜಿನ ನ್ಯಾಯಕ್ಕೆ ತೋಳದ ಜೀವವೇ ಹೋಯಿತು. ಅದು ಸತ್ತರೆ ಎಂಟು ಗಂಟೆ ಕಳೆದು ಇನ್ನೊಂದರ ಜೊತೆ ನಂಟು ಬೆಳೆಸಿಕೊಳ್ಳಬಹುದಿತ್ತು. ಎಂಟು ಗಂಟೆ, ಅಂದ್ರೆ ನಮ್ಮ ಆಫೀಸಿನ ಒಂದು ದಿನ :)

2020ರ 'ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್' ಇದಕ್ಕೆ ಪ್ಯಾಚ್ ಹಾಕಿತು. ಈಗ ಆಜ್ಞೆಗೆ ಬೋನಸ್ ಆಕ್ಷನ್ ಸಾಕು, ರೇಂಜರ್ ತಾನೂ ಬಾಣ ಬಿಡಬಹುದು. ಆಜ್ಞೆ ಇಲ್ಲದಿದ್ದರೆ ಪ್ರಾಣಿ ಏಟು ತಪ್ಪಿಸಿಕೊಳ್ಳುತ್ತಾದರೂ ಇರುತ್ತೆ. ಸತ್ತರೆ ಒಂದು ಗಂಟೆಯೊಳಗೆ ಮುಟ್ಟಿ, ಸ್ವಲ್ಪ ಮಂತ್ರಶಕ್ತಿ ಖರ್ಚು ಮಾಡಿದರೆ ನಿಮಿಷದಲ್ಲಿ ಎದ್ದು ಕೂರುತ್ತೆ. 2023ರ 'ಬಾಲ್ಡರ್ಸ್ ಗೇಟ್ 3'ರಲ್ಲಿ ಲೆಕ್ಕವೆಲ್ಲ ಕಂಪ್ಯೂಟರಿನದು, ಹಾಗಾಗಿ ಅಲ್ಲಿ ಪ್ರಾಣಿಗೆ ತನ್ನದೇ ಸರದಿ ಸಿಕ್ಕಿತು.

ಆಡೋಕೆ ಹೊಸ ನಿಯಮವೇ ಚೆಂದ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಒಂದು ಕಸಿವಿಸಿ. ಹೊಸ ಪ್ರಾಣಿ ನೆಲ, ನೀರು, ಆಕಾಶ ಅನ್ನೋ ಮೂರು ಅಚ್ಚಿನಲ್ಲಿ ಬರುತ್ತೆ. ತೋಳ ಅಂತ ಕರೆದರೂ ಕರಡಿ ಅಂತ ಕರೆದರೂ ಅಂಕಿಗಳು ಅವೇ. ಸಾವಿನ ಭಯವೂ ಹೆಚ್ಚಿಲ್ಲ. ಹಳೆಯ ತೋಳ ಕೆಲಸಕ್ಕೆ ಬಾರದ್ದೇ ಇರಬಹುದು, ಆದರೆ ಅದನ್ನು ಮುಂದೆ ಕಳಿಸೋ ಮುಂಚೆ ಆಟಗಾರ ಎರಡು ಸಲ ಯೋಚಿಸ್ತಿದ್ದ. ಆ ಹಿಂಜರಿಕೆಯನ್ನೇ ಅಲ್ವೇ ನಾವು ಸಾಕಿದ ಪ್ರಾಣಿಯ ಮೇಲಿನ ಪ್ರೀತಿ ಅನ್ನೋದು? ನಿಮಗೇನನ್ನಿಸುತ್ತೆ?