ಬೆಕ್ಕಿನ ಬೆರಳು, ಸೋಫಾದ ಬೆಲೆ

1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಬೆಕ್ಕಿನ ಮಲಮೂತ್ರಕ್ಕೆಂದು ತೇವ ಹೀರುವ ಜೇಡಿಮಣ್ಣನ್ನು ಮಾರತೊಡಗಿದ ಮೇಲೆ, ಅಲ್ಲಿಯ ಬೆಕ್ಕುಗಳನ್ನು ಹಗಲಿರುಳೂ ಮನೆಯೊಳಗೇ ಇಟ್ಟುಕೊಳ್ಳುವುದು ಸುಲಭವಾಯಿತು. ಮರದ ತೊಗಟೆಯನ್ನು ಪರಚುತ್ತಿದ್ದ ಪ್ರಾಣಿಗೆ ಈಗ ಸಿಕ್ಕಿದ್ದು ಸೋಫಾ. ಮುಂಗಾಲಿನ ಉಗುರುಗಳನ್ನು ಶಾಶ್ವತವಾಗಿ ತೆಗೆಸುವ ರೂಢಿ ಅಲ್ಲಿ ಬೇರೂರಿದ್ದು ಇಂಥ ಮನೆಗಳಲ್ಲೇ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದ ಬೆಳೆಯುತ್ತದೆ. ಅದು ಮತ್ತೆ ಚಿಗುರದಿರಬೇಕಾದರೆ ಆ ಮೂಳೆಯನ್ನೇ ಕತ್ತರಿಸಬೇಕು. ಎರಡು ಮುಂಗಾಲಿಗೆ ಹತ್ತು ಅಂಗಚ್ಛೇದನ! ಬೆಕ್ಕು ನಡೆಯುವುದೇ ಬೆರಳುಗಳ ಮೇಲೆ. ಪೀಠೋಪಕರಣ ಉಳಿಸಲು ತೆರುವ ಈ ಬೆಲೆಗೆ ಯಾವ ಸಮರ್ಥನೆಯೂ ಸಾಲದು.

ವೆಸ್ಟ್ ಹಾಲಿವುಡ್ ನಗರ 2003ರಲ್ಲಿ ಉಗುರು ತೆಗೆಸುವುದನ್ನು ನಿಷೇಧಿಸಿದಾಗ ಕ್ಯಾಲಿಫೋರ್ನಿಯಾದ ಪಶುವೈದ್ಯರ ಸಂಘವೇ ಕೋರ್ಟಿಗೆ ಹೋಯಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರ ನಿಂತಿತು. ಇಡೀ ರಾಜ್ಯಕ್ಕೆ ನಿಷೇಧ ತಂದ ಮೊದಲನೆಯದು ನ್ಯೂಯಾರ್ಕ್, 2019ರಲ್ಲಿ. ಶಸ್ತ್ರಚಿಕಿತ್ಸೆ ಇಲ್ಲವೆಂದರೆ ಜನ ಬೆಕ್ಕನ್ನೇ ಬೀದಿಗೆ ಬಿಡುತ್ತಾರೆ ಎಂಬುದು ನಿಷೇಧದ ವಿರೋಧಿಗಳ ಮುಖ್ಯ ವಾದ. ಆ ಆತಂಕ ಹುಸಿಯೆಂದು ತಳ್ಳಿಹಾಕಲಾರೆ. ಆದರೆ ಕತ್ತರಿಸಿದ ಬೆರಳಿನ ನೋವಿನಿಂದ ಮಲಮೂತ್ರದ ತಟ್ಟೆ ತೊರೆದು ನೆಲ ಹೊಲಸು ಮಾಡುವ, ಉಗುರಿಲ್ಲದ್ದಕ್ಕೆ ಕಚ್ಚುವ ಬೆಕ್ಕನ್ನೂ ಜನ ಹೊರಹಾಕಬಹುದಲ್ಲವೇ? ಬೆಕ್ಕು ಪರಚಿದರೆ ಸೋಂಕು ತಗಲಬಹುದಾದ, ರೋಗನಿರೋಧಕ ಶಕ್ತಿ ಕುಂದಿದವರ ಮಾತೂ ಬರುತ್ತದೆ. ಅವರಿಗೂ ಉಗುರಿನ ತುದಿ ಕತ್ತರಿಸುತ್ತಿರುವುದು, ಒರಟು ಆಟ ಬಿಡುವುದು ಎಂಬ ದಾರಿಗಳಿವೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಉಗುರು ತೆಗೆಸುವುದು ಇನ್ನೂ ಕಾನೂನುಬದ್ಧ. ಅಲ್ಲಿ ಬೆಕ್ಕು ಸಾಕಿರುವ ಕನ್ನಡಿಗರೇ, ದಯವಿಟ್ಟು ಪರಚಲು ಒಂದು ಹಗ್ಗ ಸುತ್ತಿದ ಕಂಬ ತಂದಿಡಿ.